ಕಾವಲಿನ ನಾಯಿಗೆ ತರಬೇತಿ ಕೊಟ್ಟರೆ ಅದರ ಚುರುಕು ಕಳೆದುಹೋಗುತ್ತದೆಯೆ?

ಪ್ರಶ್ನೆ: ಕೆಂಚನ ಯಜಮಾನ, ಮೂಡಿಗೆರೆ

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ 12 ಎಕರೆಯ ಸಣ್ಣ ಕಾಫಿ ತೋಟ. ಮನೆಯಲ್ಲಿ ಕೆಂಚ ಎಂಬ ಒಂದೂವರೆ ವರ್ಷದ ಗಂಡು ನಾಯಿ ಇದೆ. ತಾಯಿ ಊರಿನ ನಾಯಿ. ತಂದೆ ಪಕ್ಕದ ಎಸ್ಟೇಟಿನ ಜರ್ಮನ್ ಶೆಫರ್ಡ್ ಎಂಬುದು ಎಲ್ಲರ ಊಹೆ, ಕಿವಿಗಳು ಮಾತ್ರ ಆ ಊಹೆಯನ್ನು ಬೆಂಬಲಿಸುತ್ತವೆ. ಮನೆಯವರೊಂದಿಗೆ ಬಹಳ ಮೆತ್ತಗಿರುವ ಈ ಪ್ರಾಣಿ ತೋಟಕ್ಕೆ ಬಿಟ್ಟ ಕೂಡಲೇ ಬೇರೆಯದೇ ಆಗಿಬಿಡುತ್ತದೆ. ಕರೆದರೆ ಬರುವುದಿಲ್ಲ. ಕಾಡುಹಂದಿಯ ವಾಸನೆ ಸಿಕ್ಕಿದರೆ ಹಳ್ಳ ದಾಟಿ ಹೋಗಿ, ಕತ್ತಲಾದ ಮೇಲೆ ಮೈತುಂಬ ಮುಳ್ಳು ಮತ್ತು ಇಂಬಳಗಳನ್ನು ಹೊತ್ತು ಹಿಂತಿರುಗುತ್ತದೆ. ಕಳೆದ ಕೊಯ್ಲಿನಲ್ಲಿ ಹಣ್ಣು ಕುಯ್ಯಲು ಬಂದಿದ್ದ ಇಬ್ಬರು ಹೆಂಗಸರನ್ನು ಅಟ್ಟಿಸಿಕೊಂಡು ಹೋಗಿ ಒಬ್ಬರ ಸೆರಗನ್ನು ಹರಿದುಹಾಕಿತು. ಹಲ್ಲು ತಾಗಲಿಲ್ಲ ಎಂಬುದಷ್ಟೇ ಪುಣ್ಯ. ನಾಯಿಯನ್ನು ಹೀಗೆ ಬಿಟ್ಟಿರುವ ತೋಟಕ್ಕೆ ಈ ವರ್ಷ ಆಳುಗಳನ್ನು ಕಳುಹಿಸುವುದಿಲ್ಲವೆಂದು ಮೇಸ್ತ್ರಿ ಈಗಲೇ ಹೇಳಿಬಿಟ್ಟಿದ್ದಾನೆ. ಕೆಲಸಕ್ಕೆ ಜನ ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ನಾಯಿಗೆ ತರಬೇತಿ ಕೊಡಿಸೋಣವೆಂದು ನಾನು ಹೇಳಿದರೆ ತಂದೆಯವರು ಒಪ್ಪುವುದಿಲ್ಲ. ಹಗಲು ಕಟ್ಟಬೇಕು, ರಾತ್ರಿ ಬಿಡಬೇಕು, ತೋಟದ ನಾಯಿಗೆ ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಡ ಎಂಬುದು ಅವರ ನಿಲುವು. “ಕಲಿತ ನಾಯಿ ಮೊದಲು ಕಳ್ಳನಿಗೆ ಕೈ ಕೊಡುತ್ತದೆ, ಆಮೇಲೆ ನಮಗೆ ಕೈ ಕೊಡುತ್ತದೆ” ಎನ್ನುತ್ತಾರೆ. ನನ್ನ ಪ್ರಶ್ನೆಗಳು ಇಷ್ಟು: ತರಬೇತಿಯಿಂದ ಕಾವಲಿನ ಗುಣ ನಿಜವಾಗಿಯೂ ಕಡಿಮೆಯಾಗುತ್ತದೆಯೆ? ಒಂದೂವರೆ ವರ್ಷಕ್ಕೆ ಕಲಿಸುವ ಕಾಲ ಮೀರಿದೆಯೆ? ಮತ್ತು, ಸರ್ಕಸ್ಸಿನ ಆಟಗಳ ಹೊರತಾಗಿ, ನಮ್ಮಂಥ ತೋಟದವರಿಗೆ ಇದರಿಂದ ದಕ್ಕುವ ಪ್ರಯೋಜನವಾದರೂ ಏನು?

ಉತ್ತರ: ಒಬ್ಬ ಪಶುವೈದ್ಯ, ಹಾಸನ

ನಿಮ್ಮ ತಂದೆಯವರ ಮಾತನ್ನು ಓದಿ ನಕ್ಕೆ. ಆದರೆ ಆ ಆತಂಕ ನನ್ನ ಬಳಿಗೆ ಬರುವ ತೋಟದವರಲ್ಲಿ ಬಹುಪಾಲು ಮಂದಿಗೆ ಇರುವುದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಹೊಸಬರು ಬಂದರೆ ಬೊಗಳಿ ತಿಳಿಸುವುದು ನಾಯಿಯ ಹುಟ್ಟುಗುಣ. ಕರೆದಾಗ ಬರುವುದನ್ನೂ ಬಾಯಲ್ಲಿರುವುದನ್ನು ಬಿಡುವುದನ್ನೂ ಕಲಿಸಿದ ಮಾತ್ರಕ್ಕೆ ಆ ಗುಣ ಅಳಿಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯನ್ನು ಭಾರತೀಯ ಸೇನೆಯವರು ಮೀರತ್ತಿನ ತಮ್ಮ ಕೇಂದ್ರದಲ್ಲಿ ತರಬೇತುಗೊಳಿಸಿದ್ದು ಅದರ ಚುರುಕನ್ನು ಕಳೆಯುವುದಕ್ಕಂತೂ ಆಗಿರಲಿಲ್ಲ. ಪೊಲೀಸ್ ಶ್ವಾನದಳದ ನಾಯಿಗೆ ಹಿಡಿಯುವುದನ್ನು ಎಷ್ಟು ಶ್ರದ್ಧೆಯಿಂದ ಕಲಿಸುತ್ತಾರೋ ಹಿಡಿದದ್ದನ್ನು ಬಿಡುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸುತ್ತಾರೆ. ನಿಲ್ಲಿಸಲಾಗದ ನಾಯಿ ಕಳ್ಳನನ್ನೂ ಅಂಚೆಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಕೆಂಚ ಹೆಂಗಸರನ್ನು ಅಟ್ಟಿದ್ದು ಶೌರ್ಯದಿಂದಲ್ಲ, ಭಯದಿಂದ ಇರಬಹುದೆಂದು ನನ್ನ ಅನುಮಾನ. ಲೆಕ್ಕ ಹಾಕಿ ನೋಡಿ. ಈ ಮಳೆಗಾಲದಲ್ಲಿ ಒಂದೂವರೆ ವರ್ಷವೆಂದರೆ ಅದು ಹುಟ್ಟಿದ್ದು ಜನವರಿಯ ಆಸುಪಾಸಿನಲ್ಲಿ. ಮರಿಯ 3ನೆಯ ವಾರದಿಂದ ಸುಮಾರು 12–14ನೆಯ ವಾರದವರೆಗಿನ ಅವಧಿಯಲ್ಲಿ ಅದು ಯಾರನ್ನು, ಏನನ್ನು ನೆಮ್ಮದಿಯಿಂದ ನೋಡಿರುತ್ತದೆಯೋ ಅದನ್ನೆಲ್ಲ ತನ್ನ ಲೋಕದ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆ ವಾರಗಳು ನಿಮ್ಮಲ್ಲಿ ಅರೇಬಿಕಾ ಕೊಯ್ಲು ಮುಗಿದು ತೋಟ ಖಾಲಿಯಾಗಿದ್ದ ಕಾಲಕ್ಕೆ ಬಂದಿವೆ. ತಲೆಗೆ ಬಟ್ಟೆ ಸುತ್ತಿಕೊಂಡು, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಗಿಡಗಳ ಮಧ್ಯೆ ಮಾತನಾಡುತ್ತ ಓಡಾಡುವ ಮೂವತ್ತು ಜನರನ್ನು ಅದು ಮೊದಲ ಬಾರಿಗೆ ನೋಡಿದ್ದು ಬೆಳೆದ ಮೇಲೆ. ಅದಕ್ಕೆ ಅದೊಂದು ದಂಡಯಾತ್ರೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಅವಧಿ ಮತ್ತೆ ಬರುವುದಿಲ್ಲ, ನಿಜ; ಆದರೆ ಕಲಿಯುವ ಶಕ್ತಿ ಅಲ್ಲಿಗೆ ನಿಲ್ಲುವುದೂ ಇಲ್ಲ. ಎಂಟು ವರ್ಷದ ನಾಯಿಯೂ ಕಲಿಯುತ್ತದೆ. ಮರಿಗೆ ಒಂದು ವಾರ ಸಾಕಾಗುವ ಕಡೆ ಬೆಳೆದ ನಾಯಿಗೆ ಕೆಲವು ತಿಂಗಳು ಬೇಕಾಗಬಹುದು, ಅಷ್ಟೆ.

ಇನ್ನು ಪ್ರಯೋಜನದ ಮಾತು. ನನ್ನ ಮೇಜಿನ ಮೇಲೆ ಬರುವ ನಾಯಿಗಳಲ್ಲಿ ಎರಡು ಜಾತಿ: ಬಾಯಿ, ಕಿವಿ, ಪಾದಗಳನ್ನು ಮುಟ್ಟಲು ಬಿಡುವವು ಮತ್ತು ಬಿಡದವು. ಮೊದಲನೆಯದಕ್ಕೆ ಹತ್ತು ನಿಮಿಷದಲ್ಲಿ ಮುಗಿಯುವ ಪರೀಕ್ಷೆಗೆ ಎರಡನೆಯದಕ್ಕೆ ನಾಲ್ವರು ಹಿಡಿಯಬೇಕು, ಕೆಲವೊಮ್ಮೆ ಮತ್ತಿನ ಚುಚ್ಚುಮದ್ದೂ ಬೇಕು. ಮಲೆನಾಡಿನಲ್ಲಿ ಇದು ಕೇವಲ ವೈದ್ಯರ ಅನುಕೂಲದ ವಿಷಯವಲ್ಲ. ನೀವು ಉಣುಗು ಎಂದು ಕರೆಯುವ ಉಣ್ಣಿಗಳಿಂದ ನಾಯಿಗಳಿಗೆ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳು ಹರಡುತ್ತವೆ. ರಕ್ತ ಕಡಿಮೆಯಾಗಿ, ಒಸಡು ಬಿಳಿಚಿ, ನಾಯಿ ಊಟ ಬಿಟ್ಟ ಮೇಲೆ ಕರೆತರುವವರೇ ಹೆಚ್ಚು. ದಿನಾ ಸಂಜೆ ಬೆರಳ ಸಂದು, ಕಿವಿಯ ಒಳಗು, ಬಾಲದ ಬುಡ ನೋಡಲು ಬಿಡುವ ನಾಯಿಯ ಮೈಯಿಂದ ಉಣ್ಣಿಯನ್ನು ಅಂದೇ ತೆಗೆಯಬಹುದು. ಮೂಗಿನೊಳಗೆ ಸೇರಿಕೊಂಡ ಇಂಬಳವನ್ನು ತೆಗೆಯುವಾಗ ತಲೆಯನ್ನು ಅಲುಗಿಸದೆ ನಿಲ್ಲುವ ನಾಯಿಯ ಬೆಲೆ ಏನೆಂಬುದು ಒಮ್ಮೆ ಆ ಕೆಲಸ ಮಾಡಿದವರಿಗೆ ಗೊತ್ತು.

“ಬಿಡು” ಎಂಬ ಒಂದು ಮಾತಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಆಫ್ರಿಕನ್ ಬಸವನಹುಳುವಿಗೆಂದು ತೋಟಗಳಲ್ಲಿ ಇಡುವ ಮೆಟಾಲ್ಡಿಹೈಡ್ ಕಾಳನ್ನು ನಾಯಿಗಳು ರುಚಿಯೆಂದು ತಿನ್ನುತ್ತವೆ. ತಿಂದ ಕೆಲವೇ ಗಂಟೆಗಳಲ್ಲಿ ನಡುಕ, ಸೆಳೆತ ಆರಂಭವಾಗುತ್ತವೆ. ಇಲಿಪಾಷಾಣದ ಕಥೆಯೂ ಇಂಥದ್ದೇ. ಕಾಡುಹಂದಿಗೆಂದು ಕಾನೂನುಬಾಹಿರವಾಗಿ ಇಡುವ ಸಿಡಿಮದ್ದಿನ ಉಂಡೆಯನ್ನು ಕಚ್ಚಿ ದವಡೆಯನ್ನೇ ಕಳೆದುಕೊಂಡ ನಾಯಿಯನ್ನು ನಾನು ನೋಡಿದ್ದೇನೆ, ಅದರ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ. ನೆಲದ ಮೇಲೆ ಬಿದ್ದದ್ದರ ಮುಂದೆ ಯಜಮಾನನ ಒಂದು ಮಾತಿಗೆ ತಲೆ ಎತ್ತುವ ನಾಯಿಗೆ, ನೀವು ಜೊತೆಯಲ್ಲಿರುವಷ್ಟು ಹೊತ್ತಾದರೂ, ಬದುಕುವ ಅವಕಾಶ ಹೆಚ್ಚು.

ಹಗಲೆಲ್ಲ ಕಟ್ಟಿಹಾಕುವ ಪದ್ಧತಿಯ ಬಗ್ಗೆ ಎರಡು ಮಾತು. ಸರಪಳಿಯ ಉದ್ದಕ್ಕೆ ಲೋಕವನ್ನು ಕಿರಿದಾಗಿಸಿಕೊಂಡ ನಾಯಿ ಹತ್ತಿರ ಬಂದವರಿಂದ ದೂರ ಸರಿಯಲಾರದು. ಅದಕ್ಕೆ ಉಳಿಯುವ ದಾರಿ ಕಚ್ಚುವುದೊಂದೇ. ನಾಯಿಯನ್ನು ಸದಾ ಕಟ್ಟಿಯೇ ಇಟ್ಟು ಓಡಾಟಕ್ಕೆ ಬಿಡದಿರುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಹಿಂಸೆಯೆಂದೇ ಎಣಿಸುತ್ತದೆ. ಅದೇ ರೀತಿ, ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನ ಅಲಕ್ಷ್ಯವೂ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಅಪರಾಧ. ಕಟ್ಟುವುದಕ್ಕೂ ಬಿಡುವುದಕ್ಕೂ ನಡುವೆ ಇರುವ ಜಾಗವನ್ನು ತುಂಬುವುದು ತರಬೇತಿಯೇ.

ಉತ್ತರ: ಹಳೆಯ ಬೆಳೆಗಾರ, ಸಕಲೇಶಪುರ

ವೈದ್ಯರು ಶಾಸ್ತ್ರ ಹೇಳಿದ್ದಾರೆ. ನಾನು ನನ್ನ ತಪ್ಪನ್ನು ಹೇಳುತ್ತೇನೆ, ಅದರಿಂದ ನಿಮಗೆ ಹೆಚ್ಚು ಉಪಯೋಗವಾಗಬಹುದು.

ಹತ್ತು ಹನ್ನೆರಡು ವರ್ಷಗಳ ಹಿಂದೆ ನನ್ನಲ್ಲಿ ರಾಜು ಎಂಬ ನಾಯಿ ಇತ್ತು. ನಿಮ್ಮ ಕೆಂಚನಂತೆಯೇ ಕರೆದರೆ ಬಾರದ ಪ್ರಾಣಿ. ನಾನು ತೋಟದ ಈ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ “ಬಾ, ಬಾ” ಎಂದು ಕೂಗುತ್ತಿದ್ದೆ. ಅದು ತನ್ನ ಕೆಲಸವೆಲ್ಲ ಮುಗಿಸಿಕೊಂಡು ಅರ್ಧ ಗಂಟೆಯ ಮೇಲೆ ಬಾಲ ಅಲ್ಲಾಡಿಸುತ್ತ ಬರುತ್ತಿತ್ತು. ಬಂದ ಕೂಡಲೇ ಕೈಗೆ ಸಿಕ್ಕ ಕಾಫಿ ಬರಲಿನಿಂದ ನಾಲ್ಕು ಬಿಗಿಯುತ್ತಿದ್ದೆ. ತಡವಾಗಿ ಬಂದದ್ದಕ್ಕೆ ಶಿಕ್ಷೆ ಎಂದು ನನ್ನ ಭಾವನೆ. ರಾಜುವಿನ ಲೆಕ್ಕವೇ ಬೇರೆ: ಹಳ್ಳದ ಆಚೆ ಇದ್ದಷ್ಟು ಹೊತ್ತು ಸುಖ, ಯಜಮಾನನ ಕಾಲ ಬಳಿ ಬಂದರೆ ಏಟು. ಒಂದೇ ವರ್ಷದಲ್ಲಿ ನಾನು ನನ್ನ ಕೈಯಾರೆ, ಬಹಳ ಯಶಸ್ವಿಯಾಗಿ, “ಬಾ ಎಂದರೆ ಬರಬೇಡ” ಎಂಬ ಪಾಠವನ್ನು ಅದಕ್ಕೆ ಕಲಿಸಿದ್ದೆ. ತರಬೇತಿ ಕೊಡಬೇಕೆ ಬೇಡವೆ ಎಂದು ನೀವು ಕೇಳಿದ್ದೀರಿ. ಕೊಡದೆ ಇರುವುದು ಸಾಧ್ಯವೇ ಇಲ್ಲ ಎಂಬುದು ನನಗೆ ಆಗ ತಿಳಿಯಲಿಲ್ಲ. ನಾಯಿ ನಮ್ಮಿಂದ ದಿನವಿಡೀ ಏನನ್ನೋ ಕಲಿಯುತ್ತಲೇ ಇರುತ್ತದೆ.

ಅದರ ಫಲವನ್ನು ಉಂಡದ್ದು ಒಂದು ಬೆಳಗಿನ ಜಾವ. ಪಂಪುಮನೆಗೆ ಹೋಗುತ್ತಿದ್ದಾಗ ರಾಜು ಮುಂದೆ ಓಡಿತು, ಮಂಜಿನಲ್ಲಿ ಮರೆಯಾಯಿತು, ನಂತರ ಬೊಗಳುವ ಸದ್ದು ಕೇಳಿಸಿತು. ಹಂದಿಯಿರಬೇಕೆಂದುಕೊಂಡು ಕೂಗಿದೆ. ಬರಲಿಲ್ಲ. ಮತ್ತೆ ಕೂಗಿದೆ. ಮುಂದಿನ ಕ್ಷಣ ಕಾಫಿ ಗಿಡಗಳು ಮುರಿಯುವ ಶಬ್ದವಾಯಿತು. ರಾಜು ಈ ಬಾರಿ ಬಂತು, ನೇರವಾಗಿ ನನ್ನ ಕಡೆಗೇ ಬಂತು, ಅದರ ಹಿಂದೆ ಒಂಟಿ ಸಲಗವೂ ಬಂತು. ಆನೆಯ ಎದುರು ಬೊಗಳಿ ಅದನ್ನು ಕೆಣಕುವ ನಾಯಿ ಕೊನೆಗೆ ರಕ್ಷಣೆಗೆ ಓಡಿ ಬರುವುದು ಯಜಮಾನನ ಹಿಂದಕ್ಕೆ ಎಂಬ ಸಂಗತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಾವು ಹಗ್ಗವಿಲ್ಲದ ನಾಯಿಯೊಂದಿಗೆ ಹೋಗುತ್ತೇವೆ. ಹಳೆಯ ಗಡಿ ಟ್ರೆಂಚಿನೊಳಗೆ ಬಿದ್ದದ್ದರಿಂದ ಉಳಿದೆ. ಎಡಮೊಣಕಾಲು ಇಂದಿಗೂ ಮಳೆಗಾಲದಲ್ಲಿ ಆ ದಿನವನ್ನು ನೆನಪಿಸುತ್ತದೆ.

ಈಗಿರುವ ನಾಯಿಗೆ ನಾನು “ಬಾ” ಎಂಬ ಮಾತನ್ನೇ ಬಳಸುವುದಿಲ್ಲ. ಮನೆಯಲ್ಲಿ ದಿನಕ್ಕೆ ನೂರು ಸಲ ಬೇರೆ ಬೇರೆ ಅರ್ಥದಲ್ಲಿ ಕೇಳಿಬರುವ ಮಾತು ಅದು. ಬದಲಿಗೆ ಒಂದು ಸೀಟಿ. ಅದರ ಸದ್ದು ಮಳೆಯಲ್ಲೂ ಸಿಲ್ವರ್ ಮರಗಳ ನಡುವೆಯೂ ದೂರ ಹೋಗುತ್ತದೆ, ಅದರಲ್ಲಿ ಯಜಮಾನನ ಸಿಟ್ಟೂ ಕೇಳಿಸುವುದಿಲ್ಲ. ಮೊದಲ ವಾರ ನಾಯಿ ನನ್ನ ಪಕ್ಕದಲ್ಲಿಯೇ ಇದ್ದಾಗ ಸೀಟಿ ಊದುವುದು, ಕೂಡಲೇ ಬೇಯಿಸಿದ ಕೋಳಿಯ ಒಂದು ಚೂರು ಕೊಡುವುದು, ಇಷ್ಟೇ ಕೆಲಸ. ಸದ್ದು ಕೇಳಿದರೆ ಊಟ ಬಂತೆಂದು ಜೊಲ್ಲು ಸುರಿಸುತ್ತಿದ್ದ, ಪಾವ್ಲೋವ್ ಎಂಬ ರಷ್ಯಾದ ವಿಜ್ಞಾನಿಯ ನಾಯಿಗಳ ಕಥೆಯನ್ನು ಶಾಲೆಯಲ್ಲಿ ಓದಿದ್ದೆ. ಅದನ್ನು ನನ್ನ ಕಣದಲ್ಲಿ ಕಣ್ಣಾರೆ ನೋಡಿದ್ದು ಅರವತ್ತು ದಾಟಿದ ಮೇಲೆ. ಎರಡನೆಯ ವಾರ ಹತ್ತು ಮೀಟರ್ ಹಗ್ಗ ಕಟ್ಟಿ ಕಣದ ತುದಿಯಿಂದ ಕರೆದೆ. ಗಿಡಗಳ ನಡುವೆ ಉದ್ದ ಹಗ್ಗ ಬೇಡ, ಪ್ರತಿ ಬುಡಕ್ಕೂ ಸುತ್ತಿಕೊಂಡು ಇಬ್ಬರಿಗೂ ತಾಳ್ಮೆ ಕೆಡುತ್ತದೆ. ಬರದಿರಬಹುದೆಂಬ ಅನುಮಾನವಿದ್ದರೆ ಊದಲೇಬಾರದು. ಊದಿದ ಮೇಲೆ ಬರುವಂತೆ ಹಗ್ಗದಿಂದಲಾದರೂ ನೋಡಿಕೊಳ್ಳಬೇಕು. ಎಷ್ಟೇ ತಡವಾಗಿ ಬಂದರೂ ಬೈಯದೆ ಕೋಳಿಯ ಚೂರು ಕೊಡಬೇಕು. ಈ ಕೊನೆಯದು ಬಹಳ ಕಷ್ಟ. ಮೈಯೆಲ್ಲ ಉರಿಯುತ್ತಿರುವಾಗ ನಗುಮುಖದಿಂದ ಕೋಳಿ ಬಡಿಸುವುದು ಸಾಮಾನ್ಯ ಯೋಗಸಾಧನೆಯಲ್ಲ.

ಕಳೆದ ವರ್ಷ ಅರಣ್ಯ ಇಲಾಖೆಯ ಆನೆ ಸಂದೇಶ ಮೊಬೈಲಿಗೆ ಬರುವುದಕ್ಕೆ ಮೊದಲೇ ಈ ನಾಯಿ ತೋಟದ ಬೇಲಿಯ ಬಳಿ ಮೂಗೆತ್ತಿ ನಿಂತಿತು. ಒಮ್ಮೆ ಊದಿದೆ. ತಿರುಗಿ ಬಂತು. ಇಬ್ಬರೂ ಸದ್ದಿಲ್ಲದೆ ಮನೆಗೆ ಹಿಂತಿರುಗಿದೆವು. ಆ ದಿನ ಕಾವಲು ಕೆಲಸ ಪೂರ್ತಿಯಾಗಿಯೇ ನಡೆಯಿತೆಂದು ನಿಮ್ಮ ತಂದೆಯವರಿಗೆ ತಿಳಿಸಿ.

ಉತ್ತರ: ಆಲ್ದೂರಿನವ

ಎಲ್ಲರೂ ಒಂದೇ ಕಡೆ ಮಾತನಾಡುತ್ತಿರುವುದರಿಂದ ಇನ್ನೊಂದು ಬದಿಯನ್ನೂ ಹೇಳಬೇಕಾಗಿದೆ. ನಮ್ಮ ಅಜ್ಜನ ಕಾಲದಲ್ಲಿ ಮನೆಗೆ ನಾಲ್ಕು ನಾಯಿ ಇದ್ದವು. ಯಾರೂ ಸೀಟಿ ಊದಲಿಲ್ಲ, ಕೋಳಿ ಬೇಯಿಸಿ ಕೊಡಲಿಲ್ಲ. ಉಳಿದ ಮುದ್ದೆ, ಸಾರು ಉಂಡು ಅವು ತೋಟ ಕಾದವು. ನಾಯಿಯ ಬಾಲ ಡೊಂಕು ಎಂಬುದು ನಿನ್ನೆ ಮೊನ್ನೆಯ ಮಾತಲ್ಲ.

ಆದರೂ ಕಾಲಕ್ಕೆ ತಕ್ಕಂತೆ ಇರಬೇಕೆಂದು ಮನೆಯವರು ಒತ್ತಾಯಿಸಿದ್ದರಿಂದ ನಾನು ಎರಡು ವರ್ಷಗಳ ಹಿಂದೆ ನಮ್ಮ ನಾಯಿಯನ್ನು ಒಂದೂವರೆ ತಿಂಗಳು ಒಂದು ತರಬೇತಿ ಕೇಂದ್ರದಲ್ಲಿ ಬಿಟ್ಟಿದ್ದೆ. ನಾಯಿಗೆ ನಾವೇ ಯಜಮಾನರೆಂದು ಮೊದಲು ತೋರಿಸಿಕೊಡಬೇಕು, ತೋಳದ ಗುಂಪಿನಲ್ಲಿ ಹಾಗೆಯೇ ನಡೆಯುವುದು ಎಂದು ಅಲ್ಲಿಯವರು ವಿವರಿಸಿದ್ದರು. ವಾಪಸು ಕರೆತಂದಾಗ ಅದು “ಕೂರು” ಎಂದರೆ ಕೂರುತ್ತಿತ್ತು, ನಿಜ. ಆದರೆ ಕೈ ಎತ್ತಿದರೆ ನೆಲಕ್ಕೆ ಒರಗಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಕೊರಳಿನಲ್ಲಿ ಎರಡು ಕಡೆ ಕೂದಲು ಉದುರಿ ಗಾಯದ ಕಲೆ ಇತ್ತು. ವಿದ್ಯುತ್ ಆಘಾತ ಕೊಡುವ ಪಟ್ಟಿ ಕಟ್ಟಿದ್ದರೆಂದು ಆಮೇಲೆ ತಿಳಿಯಿತು. ಮೂರು ತಿಂಗಳ ನಂತರ, ಎಂದೂ ಕಚ್ಚದ ಆ ನಾಯಿ ಮಲಗಿದ್ದಲ್ಲಿ ಮುಟ್ಟಿದ ನನ್ನ ತಮ್ಮನ ಕೈಯನ್ನು ಕಚ್ಚಿತು. ಇಂಥ ವಿದ್ಯೆಗಿಂತ ಅವಿದ್ಯೆಯೇ ಮೇಲು ಎಂಬುದು ನನ್ನ ಅನುಭವ. ಕೆಂಚನ ಯಜಮಾನರು ದುಡ್ಡು ಕೊಡುವ ಮೊದಲು ಯೋಚಿಸಲಿ.

ಉತ್ತರ: ಒಬ್ಬ ಪಶುವೈದ್ಯ, ಹಾಸನ

ಆಲ್ದೂರಿನವರ ಸಿಟ್ಟಿನಲ್ಲಿ ನ್ಯಾಯವಿದೆ, ಆದರೆ ಅದು ಸಲ್ಲಬೇಕಾದದ್ದು ಆ ವಿಧಾನಕ್ಕೆ. ಆ ತೋಳದ ಕಥೆಯ ಮೂಲವನ್ನು ಹೇಳಿಬಿಡುತ್ತೇನೆ. ಬೋನಿನಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ ಎಂಬುವರು 1947ರಲ್ಲಿ ಬರೆದದ್ದರಿಂದ ಅದು ಆರಂಭವಾಯಿತು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರಾದ ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ, ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಒಂದು ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದರು. ಅವರು ಬಿಟ್ಟ ವಾದವನ್ನು ನಮ್ಮ ಕಡೆಯ ಕೆಲವರು ಇನ್ನೂ ಹಿಡಿದುಕೊಂಡಿದ್ದಾರೆ. ಪೋರ್ಚುಗಲ್‌ನಲ್ಲಿ 92 ನಾಯಿಗಳನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಶಿಕ್ಷೆಯನ್ನು ಬಳಸುವ ಶಾಲೆಗಳ ನಾಯಿಗಳಲ್ಲಿ ತರಬೇತಿಯ ನಂತರ ಎಂಜಲಿನಲ್ಲಿರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚು ಏರಿತ್ತು, ಬಹುಮಾನದಿಂದ ಕಲಿತವುಗಳಲ್ಲಿ ಹಾಗಿರಲಿಲ್ಲ. ನಿಮ್ಮ ನಾಯಿ ಮಲಗಿದ್ದಲ್ಲಿ ಕಚ್ಚಿದ್ದು ಅವಿಧೇಯತೆಯಿಂದಲ್ಲ. ಮನುಷ್ಯನ ಕೈ ಬಂದರೆ ನೋವು ಬರುತ್ತದೆಂಬ ಪಾಠವನ್ನು ಅದು ಚೆನ್ನಾಗಿ ಕಲಿತಿತ್ತು. ತಮ್ಮನವರ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿದ್ದೀರೆಂದು ನಂಬುತ್ತೇನೆ.

ನಾಯಿಯನ್ನು ವಾರಗಟ್ಟಲೆ ಬಿಟ್ಟುಬರುವ ಬದಲು, ಯಜಮಾನನ ಎದುರಿನಲ್ಲಿಯೇ, ಯಜಮಾನನಿಗೇ ಕಲಿಸುವ ತರಬೇತುದಾರರನ್ನು ಹುಡುಕುವುದು ಲೇಸು. ಬಾಗಿಲು ಮುಚ್ಚಿ ಕಲಿಸುತ್ತೇವೆನ್ನುವವರ ಬಳಿಗೆ ಕಳುಹಿಸಬೇಡಿ.

ಉತ್ತರ: ಕನ್ನಡ ಅಧ್ಯಾಪಕಿ, ಹಾಸನ

ಅಜ್ಜನ ಕಾಲದಲ್ಲಿ ತರಬೇತಿ ಇರಲಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅದಕ್ಕೆ ಆ ಹೆಸರಿರಲಿಲ್ಲ, ಅಷ್ಟೆ. ಹಿರಿಯ ನಾಯಿಯ ಜೊತೆಗೆ ಮರಿಯನ್ನು ಬಿಡುವುದು, ಕೋಳಿಯ ಹತ್ತಿರ ಹೋದರೆ ಗದರುವುದು, ಬೇಟೆಯಲ್ಲಿ ಹಿಡಿದು ನಿಂತರೆ ಮೊದಲ ತುಂಡನ್ನು ಅದಕ್ಕೇ ಹಾಕುವುದು, ಇವೆಲ್ಲ ಪಾಠವಲ್ಲದೆ ಮತ್ತೇನು? ಇಲ್ಲಿಂದ ದೂರವಲ್ಲದ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನಪಿಸಿಕೊಳ್ಳಿ. ಕ್ರಿ.ಶ. 950ರ ಸುಮಾರಿನ ಆ ಕಲ್ಲಿನಲ್ಲಿ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು ಎಂದಿದೆ. ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟುಕೊಟ್ಟರು. ಅರಸನನ್ನು ಏನು ಬೇಕಾದರೂ ಕೇಳಬಹುದಾಗಿದ್ದ ವೀರನೊಬ್ಬ ನಾಯಿಯನ್ನು ಕೇಳಿದನೆಂದರೆ, ಆ ನಾಯಿಯ ಹಿಂದೆ ಯಾರದೋ ವರ್ಷಗಳ ಶ್ರಮವಿತ್ತೆಂದು ನಾನಂತೂ ಊಹಿಸುತ್ತೇನೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನನ್ನದು ತೋಟವಲ್ಲ, ಹಾಸನದಲ್ಲಿ ಬಾಡಿಗೆ ಮನೆ, ಬೀದಿಯಿಂದ ತಂದ ಹೆಣ್ಣು ನಾಯಿ. ಆನೆಯ ಭಯವಿಲ್ಲ, ಮಾಲೀಕರ ಭಯವಿದೆ. ಬಂದವರ ಮೇಲೆಲ್ಲ ಪ್ರೀತಿಯಿಂದ ಹಾರುತ್ತಿದ್ದ ಇದು ಒಮ್ಮೆ ಎಪ್ಪತ್ತೆಂಟರ ನಮ್ಮತ್ತೆಯವರನ್ನು ಬೀಳಿಸುವುದರಲ್ಲಿತ್ತು. “ಹಾರಬೇಡ” ಎಂದು ತಿಂಗಳುಗಟ್ಟಲೆ ಗದರಿದ್ದು ವ್ಯರ್ಥವಾಯಿತು, ಏಕೆಂದರೆ ಗದರುವಾಗ ನಾವು ಅದರ ಮುಖ ನೋಡುತ್ತಿದ್ದೆವು, ಕೈಯಿಂದ ತಳ್ಳುತ್ತಿದ್ದೆವು. ಅದಕ್ಕೆ ಬೇಕಾಗಿದ್ದುದೂ ಅದೇ. ಏನು ಮಾಡಬಾರದೆಂದು ಹೇಳುವುದನ್ನು ಬಿಟ್ಟು, ಏನು ಮಾಡಬೇಕೆಂದು ಕಲಿಸಿದ ಮೇಲೆ ಕೆಲಸವಾಯಿತು. ಬಾಗಿಲ ಗಂಟೆಯಾದರೆ ಚಾಪೆಯ ಮೇಲೆ ಕೂರಬೇಕು, ಕೂತರೆ ಮಾತ್ರ ಮಾತನಾಡಿಸುತ್ತೇವೆ, ಹಾರಿದರೆ ಗೋಡೆಯ ಕಡೆ ತಿರುಗುತ್ತೇವೆ. ದಿನಕ್ಕೆ ಎರಡು ಸಲ ಐದೈದು ನಿಮಿಷ, ಉದ್ದಿನ ಕಾಳಿನಷ್ಟು ಮೊಟ್ಟೆಯ ಚೂರುಗಳು. ಕೂತ ಒಂದೆರಡು ಸೆಕೆಂಡಿನೊಳಗೆ ಕೊಡಬೇಕು. ಡಬ್ಬಿ ಹುಡುಕಿ ತರುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ, ನಾವು ಎದ್ದು ನಿಂತದ್ದಕ್ಕೆ ಬಹುಮಾನ ಕೊಟ್ಟಂತಾಗುತ್ತದೆ. ಅತ್ತೆಯವರು ಮೂರನೆಯ ವಾರದಲ್ಲಿ ನಮ್ಮೆಲ್ಲರಿಗಿಂತ ನಿಪುಣರಾದರು, ನಲವತ್ತು ವರ್ಷ ಪ್ರಾಥಮಿಕ ಶಾಲೆಯ ಮಕ್ಕಳನ್ನು ಕೂರಿಸಿದ ಕೈ ಅದು. ಈಗ ಅವರು ಬೇರೆ ಯಾರಿಗೂ ಗಂಟೆಯ ಹೊತ್ತಿನಲ್ಲಿ ಚಾಪೆಯ ಬಳಿ ಹೋಗಲು ಬಿಡುವುದಿಲ್ಲ.

ಕೆಂಚನ ಯಜಮಾನ, ಮೂಡಿಗೆರೆ

ಎಲ್ಲರಿಗೂ ಕೃತಜ್ಞತೆಗಳು. ಸಕಲೇಶಪುರದವರು ಹೇಳಿದಂತೆ ಸೀಟಿ ತಂದು ಮೂರು ವಾರವಾಯಿತು. ಕಣದೊಳಗೆ ಹಗ್ಗವಿಲ್ಲದೆಯೂ ಊದಿದ ತಕ್ಷಣ ಬರುತ್ತಾನೆ. ಬೇಲಿಯ ಬಳಿ ಹತ್ತರಲ್ಲಿ ಆರು ಸಲ. ಹಂದಿಯ ಜಾಡು ಸಿಕ್ಕಿದಾಗ ಇನ್ನೂ ಸೊನ್ನೆ. ತಂದೆಯವರು ಬಹಿರಂಗವಾಗಿ ಏನೂ ಹೇಳಿಲ್ಲ, ಆದರೆ ಮೊನ್ನೆ ಹಿತ್ತಿಲಲ್ಲಿ ಯಾರೂ ಇಲ್ಲವೆಂದುಕೊಂಡು ಸೀಟಿ ಊದಿ ಒಣಮೀನಿನ ತುಂಡು ಕೊಡುತ್ತಿದ್ದುದನ್ನು ನನ್ನ ಹೆಂಡತಿ ನೋಡಿದ್ದಾಳೆ. ರಾತ್ರಿ ಬೊಗಳುವುದು ಒಂದಿಷ್ಟೂ ಕಡಿಮೆಯಾಗಿಲ್ಲ, ಕಡಿಮೆಯಾದರೆ ನಮಗೂ ನಿದ್ರೆ ಬರುತ್ತಿತ್ತು.

ಉಳಿದಿರುವ ಚಿಂತೆ ಒಂದೇ. ನವೆಂಬರ್ ಕೊನೆಗೆ ಕೊಯ್ಲು ಶುರುವಾಗುತ್ತದೆ. ಆ ಹೆಂಗಸರ ವಿಷಯದಲ್ಲಿ ಏನು ಮಾಡಲಿ? ಅವರ ಕೈಯಿಂದಲೇ ತಿಂಡಿ ಕೊಡಿಸಿದರೆ ಸರಿಹೋಗುತ್ತದೆಯೆ?

ಉತ್ತರ: ಹಳೆಯ ಬೆಳೆಗಾರ, ಸಕಲೇಶಪುರ

ಕೈಯಿಂದ ಕೊಡಿಸಬೇಡಿ. ಹೆದರಿದ ನಾಯಿ ತಿಂಡಿಯ ಆಸೆಗೆ ಹತ್ತಿರ ಹೋಗಿ, ತಿಂದು ಮುಗಿದ ಕೂಡಲೇ ತಾನು ಎಷ್ಟು ಹತ್ತಿರ ಬಂದಿದ್ದೇನೆಂದು ಅರಿತು ಗಾಬರಿಯಾಗುತ್ತದೆ, ಕಚ್ಚುವುದು ಆಗಲೇ. ಹೆದರಿರುವವರು ಆ ಹೆಂಗಸರೂ ಹೌದು ಎಂಬುದನ್ನು ಮರೆಯಬೇಡಿ, ಅವರನ್ನು ನಾಯಿಗೆ ಪಾಠದ ಸಾಮಗ್ರಿಯಾಗಿ ಬಳಸುವುದು ತರವಲ್ಲ.

ಈಗಿನಿಂದಲೇ ಬಾಯಿಕುಕ್ಕೆಯ ಅಭ್ಯಾಸ ಮಾಡಿಸಿ. ಉಸಿರಾಡಲು, ನಾಲಿಗೆ ಚಾಚಲು, ನೀರು ಕುಡಿಯಲು ಬರುವಂಥ ಬುಟ್ಟಿಯಾಕಾರದ ಕುಕ್ಕೆಯಿರಲಿ, ಬಾಯನ್ನು ಬಿಗಿದು ಕಟ್ಟುವ ಬಟ್ಟೆಯದು ಬೇಡ. ಮೊದಲ ದಿನಗಳಲ್ಲಿ ಅದನ್ನು ಕಟ್ಟದೆ, ಅದರೊಳಗೆ ಒಣಮೀನು ಹಾಕಿ ತಾನಾಗಿ ಮೂತಿಯಿಡಲು ಬಿಡಿ; ಆ ಕೆಲಸವನ್ನು ತಂದೆಯವರಿಗೇ ವಹಿಸಬಹುದು, ಹೇಗೂ ಅಭ್ಯಾಸವಾಗಿದೆ. ಕೊಯ್ಲಿನ ಮೊದಲ ದಿನ ಕೆಂಚನನ್ನು ಹಗ್ಗದಲ್ಲಿ ಹಿಡಿದು, ಜನ ಅವನಿಗೆ ಕಾಣಿಸುವಷ್ಟು ಆದರೆ ಅವನು ಬೊಗಳದಷ್ಟು ದೂರದಲ್ಲಿ ನಿಲ್ಲಿ, ಐವತ್ತು ಗಜವಾದರೂ ಸರಿ. ಅವನು ಅವರನ್ನು ನೋಡಿದಾಗಲೆಲ್ಲ ನೀವು ಕೊಡಿ. ಬೊಗಳಿದರೆ ಹತ್ತು ಹೆಜ್ಜೆ ಹಿಂದಕ್ಕೆ ಸರಿಯಿರಿ. ಹತ್ತು ನಿಮಿಷವಾದ ಮೇಲೆ ಮನೆಗೆ ಕರೆದುಕೊಂಡು ಹೋಗಿ, ಕುಯ್ಯುವ ಹೊತ್ತಿನಲ್ಲಿ ಒಳಗೇ ಇರಲಿ. ಮರುದಿನ ಅದೇ ಕೆಲಸ, ಒಂದೆರಡು ಗಜ ಮುಂದೆ. ಈ ವರ್ಷದ ಕೊಯ್ಲಿನಲ್ಲಿ ಇಷ್ಟೇ ಆದರೆ ಬಹಳವಾಯಿತು. ಜನರ ನಡುವೆ ಬಿಡುವ ಮಾತು ಮುಂದಿನ ವರ್ಷಕ್ಕಿರಲಿ. ಹಂದಿಯ ಜಾಡು ಹಿಡಿದಾಗ ಊದುವುದನ್ನೂ ಸದ್ಯಕ್ಕೆ ನಿಲ್ಲಿಸಿ, ಅವನು ಖಂಡಿತ ಕೇಳದ ಕಡೆ ಊದಿ ಊದಿ ಸೀಟಿಯ ಬೆಲೆ ಕಳೆಯಬೇಡಿ. ಅಂಥ ಕಡೆ ಹಗ್ಗ ಹಾಕಿಯೇ ಕರೆದುಕೊಂಡು ಹೋಗಿ.

ಮೇಸ್ತ್ರಿಯನ್ನು ಅಕ್ಟೋಬರಿನಲ್ಲಿಯೇ ಮನೆಗೆ ಕರೆದು, ಕುಕ್ಕೆ ಕಟ್ಟಿದ ನಾಯಿ ಸೀಟಿಗೆ ತಿರುಗಿ ಬರುವುದನ್ನು ತೋರಿಸಿ. ಸೆರಗು ಹರಿದ ಹೆಂಗಸಿಗೆ ಇನ್ನೂ ಸೀರೆ ಕೊಡಿಸಿಲ್ಲವಾದರೆ ಅದೂ ಅವನ ಕೈಯಲ್ಲೇ ಹೋಗಲಿ.